ಹೌದು ಎಂದವರ ಪುಸ್ತಕ

ಜನವರಿ 4

ತಮ್ಮಾ,

ಈ ಕಾಗದದ ಜೊತೆ ಒಂದು ದಪ್ಪ ಪುಸ್ತಕ ಕಳಿಸುತ್ತಿದ್ದೇನೆ. ನೀನು ದರ್ಜಿ, ಖಾಲಿ ಹಾಳೆ ಕಂಡರೆ ಎದೆ, ಸೊಂಟ, ತೋಳು ಎಂದು ಬರೆಯಲು ಶುರು ಮಾಡುವವನು. ಜೋಕೆ, ಇದು ಬಟ್ಟೆಯ ಅಳತೆಗಲ್ಲ.

ಮೇ ತಿಂಗಳಲ್ಲಿ ಚುನಾವಣೆ. ನಮ್ಮ ಪಕ್ಷ ಮೂರು ಸಲ ಸೋತಿದೆ. ಮೂರು ಸಲವೂ ಎಲ್ಲ ಕಡೆ ನಿಂತೆವು, ಎಲ್ಲ ಕಡೆ ಚೂರುಪಾರು ಮತ ತೆಗೆದುಕೊಂಡೆವು, ಎಲ್ಲ ಕಡೆ ಮಣ್ಣು ಮುಕ್ಕಿದೆವು. ನಾಲ್ಕನೆಯ ಸಲವೂ ಹೀಗೇ ಆದರೆ, ಈಗ ಅಧಿಕಾರದಲ್ಲಿರುವವರು ಕಾರ್ಮಿಕ ಸಂಘಗಳ ಕಾನೂನನ್ನೇ ರದ್ದು ಮಾಡುತ್ತಾರೆ. ಮಸೂದೆ ಬರೆದು ಮೇಜಿನ ಮೇಲೆ ಇಟ್ಟುಕೊಂಡಿದ್ದಾರಂತೆ. ಅದಾದ ಮೇಲೆ ನಿಮ್ಮ ಗಾಜಿನ ಕಾರ್ಖಾನೆಯಲ್ಲಿ ನಾಲ್ಕು ಜನ ಒಟ್ಟಿಗೆ ನಿಂತು ಕೆಮ್ಮಿದರೂ ಅಪರಾಧ.

ಅದಕ್ಕೇ ಈ ಸಲ ಪಕ್ಷದ ಕಾರ್ಯದರ್ಶಿಗಳು ನನ್ನ ಮಾತು ಕೇಳಿದ್ದಾರೆ. ಗೆಲ್ಲುವ ಕಡೆ ಮಾತ್ರ ನಿಲ್ಲುವುದು. ಎಲ್ಲಿ ಗೆಲ್ಲುತ್ತೇವೆ ಎಂಬುದನ್ನು ಕದ ತಟ್ಟಿ ಎಣಿಸಿ ತಿಳಿಯುವುದು. ನಿಮ್ಮ ಕ್ಷೇತ್ರಕ್ಕೆ ಕಾರ್ಖಾನೆಯ ಸಾಲುಮನೆಗಳೇ ಅಳತೆ. ಅಲ್ಲಿರುವ ಸಾವಿರದ ನೂರು ಮತದಾರರ ಹೆಸರನ್ನೂ ಬರೆ. ನಮಗೇ ಮತ ಎಂದವರ ಮುಂದೆ ಒಂದು ಗೆರೆ. ಗೊತ್ತಿಲ್ಲ ಎಂದವರ ಮುಂದೆ ಸೊನ್ನೆ. ಇಲ್ಲ ಎಂದವರ ಮುಂದೆ ಕತ್ತರಿ ಗುರುತು. ನೂರಕ್ಕೆ ಮೂವತ್ತೈದು ಗೆರೆ ಬಿದ್ದರೆ ಆ ಕ್ಷೇತ್ರದಲ್ಲಿ ನಿಲ್ಲುತ್ತೇವೆ, ಕೆಳಗಾದರೆ ಬಿಡುತ್ತೇವೆ.

ಒಂದೇ ನಿಯಮ. ಬಾಯಿಬಿಟ್ಟು ‘ಹೌದು’ ಎನ್ನಬೇಕು. ನಕ್ಕರೆ ಗೆರೆ ಅಲ್ಲ, ತಲೆಯಾಡಿಸಿದರೆ ಗೆರೆ ಅಲ್ಲ, ಕೂರಿಸಿ ಟೀ ಕೊಟ್ಟರೂ ಗೆರೆ ಅಲ್ಲ.

ಈ ವಿಷಯ ಫೋನಿನಲ್ಲಿ ಬೇಡ. ಪಕ್ಷದ ಕಚೇರಿಯ ಫೋನಿಗೆ ನಮ್ಮದಲ್ಲದ ಒಂದು ಕಿವಿ ಇದೆ. ಕಾಗದ ಬರೆ. ನಿನ್ನ ಕೋಳಿಕಾಲಿನ ಅಕ್ಷರ ಓದಲು ನನಗೊಬ್ಬಳಿಗೇ ಬರುವುದು, ಅದೇ ದೊಡ್ಡ ಭದ್ರತೆ.

ನಿನ್ನ ಅಕ್ಕ


ಜನವರಿ 16

ಅಕ್ಕಾ,

ಪುಸ್ತಕ ಬಂತು. ಎಂಟು ದಿನದಿಂದ ಕದ ತಟ್ಟಿ ತಟ್ಟಿ ಬೆರಳಗೆಣ್ಣು ಊದಿಕೊಂಡಿದೆ. ದರ್ಜಿಯನ್ನು ಮತ ಕೇಳಲು ಕಳಿಸಬಾರದು ಕಣೇ. ಯಾವ ಮನೆಗೆ ಹೋದರೂ ಮೊದಲು ನನ್ನ ಬಾಕಿ ಕೆಲಸ ಎದುರಿಗೆ ಬರುತ್ತದೆ. “ಬಂದ್ಯಾ? ತಗೊಂಡು ಬಂದ್ಯಾ ನನ್ ಷರ್ಟು?” ಅಂತಾರೆ. ಇಲ್ಲ, ಸರ್ಕಾರ ಬದಲಾಯಿಸೋ ವಿಷಯಕ್ಕೆ ಬಂದೆ ಅಂದರೆ, “ಮೊದ್ಲು ಷರ್ಟು ಕೊಡು ಮಾರಾಯ, ಆಮೇಲೆ ಸರ್ಕಾರ ಬದಲಾಯಿಸುವಿಯಂತೆ” ಅಂತಾರೆ.

ಕುಲುಮೆಯ ಉದ್ದಣ್ಣ ಮಾತ್ರ ನಾನು ಬೀದಿಯ ಆ ತುದಿಯಲ್ಲಿರುವಾಗಲೇ ಕೂಗಿದ. “ಹಾಕೋ ಗೆರೆ! ದಪ್ಪಗೆ ಹಾಕು! ಹಾಳೆ ಹರೀಲಿ!” ಇಪ್ಪತ್ತಾರು ವರ್ಷ ಬೆಂಕಿಯ ಮುಂದೆ ನಿಂತವನು, ಅವನಿಗೆ ಮೆಲ್ಲಗೆ ಮಾತಾಡುವುದೇ ಗೊತ್ತಿಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರು ಕಿಟಕಿ ಹಾಕಿಕೊಂಡರು.

ಬೆಳಕಿನ ಮೇಜಿನಮ್ಮ ಅಂತ ಒಬ್ಬರಿದ್ದಾರೆ. ಬಾಟಲಿಗಳನ್ನು ದೀಪದ ಮುಂದೆ ಹಿಡಿದು ಸೀಳು ಹುಡುಕುವ ಕೆಲಸ. ಗಂಡ ಇಲ್ಲ. ತಾಯಿಗೆ ಉಬ್ಬಸ, ಹಾಸಿಗೆ ಹಿಡಿದು ಮೂರು ವರ್ಷ. ಕಾರ್ಖಾನೆಯ ದವಾಖಾನೆಯಿಂದ ದಿನಾ ಬೆಳಿಗ್ಗೆ ಒಬ್ಬರು ಬಂದು ಸೂಜಿ ಹಾಕಿ ಹೋಗುತ್ತಾರೆ. ಆಯಮ್ಮ ಕೂರಿಸಿ ಟೀ ಕೊಟ್ಟರು. “ಕುಡಿಯಪ್ಪ. ಆದ್ರೆ ಆ ಪುಸ್ತಕ ಮಾತ್ರ ಚೀಲದೊಳಗಿಡು. ನನ್ನ ಹೆಸರು ಎಲ್ಲೂ ಬೇಡ. ಒಳ್ಳೇ ಪಟ್ಟೀಲೂ ಬೇಡ, ಕೆಟ್ಟ ಪಟ್ಟೀಲೂ ಬೇಡ” ಅಂದರು. ಸೊನ್ನೆ ಹಾಕಿದೆ.

ನಮ್ಮ ಅಭ್ಯರ್ಥಿ ಯಾರು ಅಂತ ಜನ ಕೇಳುತ್ತಿದ್ದಾರೆ. ನರ್ಸಮ್ಮ ಅಂತ ಹೇಳಲಾ? ಮೂವತ್ತು ವರ್ಷ ಅದೇ ದವಾಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸಾಲುಮನೆಯ ಅರ್ಧ ಮಕ್ಕಳು ಮೊದಲು ಅತ್ತಿದ್ದು ಅವರ ಕೈಯಲ್ಲೇ. ಅವರನ್ನು ಒಪ್ಪಿಸಲು ನನಗೆ ಏಳು ವರ್ಷ ಹಿಡಿಯಿತು. ಈ ಊರಿನಲ್ಲಿ ಒಂದು ಸಲ ನಾವು ನಿಲ್ಲಬೇಕು ಅಕ್ಕ. ಸೋತರೂ ನಿಲ್ಲಬೇಕು.

ನಿನ್ನ ತಮ್ಮ


ಜನವರಿ 27

ತಮ್ಮಾ,

ಸೋತರೂ ನಿಲ್ಲಬೇಕು ಎನ್ನುವ ಮಾತು ಈ ಕಚೇರಿಯ ಮೂರನೇ ಮಹಡಿಯಲ್ಲಿ ಆಡಬೇಡ. ಇಲ್ಲಿ ಗೋಡೆಯ ತುಂಬ ನಕ್ಷೆ, ನಕ್ಷೆಯ ತುಂಬ ಬಣ್ಣದ ಗುಂಡುಸೂಜಿ. ಹಸಿರು ಅಂದರೆ ನಿಲ್ಲುತ್ತೇವೆ. ಹಳದಿ ಅಂದರೆ ನೋಡೋಣ. ನಿಮ್ಮ ಊರಿಗೆ ಹಳದಿ ಚುಚ್ಚಿದ್ದೇನೆ, ಅದೂ ನನ್ನ ತಮ್ಮ ಅಂತ. ನೀನು ಕಳಿಸಿದ ಎಣಿಕೆ ನೂರಕ್ಕೆ ಇಪ್ಪತ್ತೆರಡು. ಫೆಬ್ರವರಿ ಹದಿನೈದರೊಳಗೆ ಮೂವತ್ತೈದಾಗದಿದ್ದರೆ ಆ ಸೂಜಿಯನ್ನು ನಾನೇ ಕೀಳಬೇಕಾಗುತ್ತದೆ. ತಮ್ಮ ಅಂತ ನೋಡುವುದಿಲ್ಲ, ತಿಳಿದುಕೋ.

ಇನ್ನೊಂದು ಕೆಲಸ. ಹೆಸರಿನ ಮುಂದೆ ಮನೆಯ ಸಂಖ್ಯೆ, ಕಾರ್ಖಾನೆಯಲ್ಲಿ ಯಾವ ವಿಭಾಗ, ಯಾವ ಪಾಳಿ ಎಂದೂ ಬರೆ. ಮತದಾನದ ದಿನ ಪಾಳಿ ಬಿಟ್ಟ ಹೊತ್ತಿಗೆ ಸರಿಯಾಗಿ ಗಾಡಿ ಕಳಿಸಬಹುದು.

ನರ್ಸಮ್ಮನ ವಿಷಯ ಸದ್ಯಕ್ಕೆ ಮನಸ್ಸಿನಲ್ಲಿರಲಿ.

ಅಕ್ಕ


ಫೆಬ್ರವರಿ 14

ಅಕ್ಕಾ,

ಕೂತುಕೊಂಡು ಓದು. ನಾನೂರ ಹದಿನೆಂಟು ಗೆರೆ! ನೂರಕ್ಕೆ ಮೂವತ್ತೆಂಟು! ಇನ್ನು ಆ ಹಳದಿ ಸೂಜಿ ಕಿತ್ತು ಹಸಿರು ಚುಚ್ಚು, ಗೋಡೆಯ ಆಚೆ ಬದಿಗೆ ತೂರಿ ಬರುವ ಹಾಗೆ ಚುಚ್ಚು.

ಜನರಿಗೆ ಏನಾಯಿತೋ ಗೊತ್ತಿಲ್ಲ, ಹದಿನೈದು ದಿನದಲ್ಲಿ ಗಾಳಿ ತಿರುಗಿತು. ಬೆಳಕಿನ ಮೇಜಿನಮ್ಮನ ಮುಂದೆಯೂ ಗೆರೆ ಬಿದ್ದಿದೆ. ಹೇಗೆ ಅಂತ ಕೇಳಬೇಡ, ಅದು ದೊಡ್ಡ ಕಥೆ, ನೀನು ಬಂದಾಗ ಹೇಳುತ್ತೇನೆ.

ವಿಭಾಗ, ಪಾಳಿ ಎಲ್ಲ ಬರೆದಿದ್ದೇನೆ. ನರ್ಸಮ್ಮನಿಗೆ ಇದು ಹಿಡಿಸಲಿಲ್ಲ. “ಔಷಧಿ ಚೀಟೀಲೂ ಇಷ್ಟು ವಿವರ ಬರೀತಿರಲಿಲ್ವಲ್ಲೋ. ಈ ಪುಸ್ತಕ ಎಲ್ಲಿರುತ್ತೆ?” ಅಂದರು. ಅಕ್ಕನ ಬೀರುವಿನಲ್ಲಿ ಅಂದೆ. “ಬೀಗ ಇದ್ಯಾ?” ಅಂದರು. ಬೀಗಕ್ಕಿಂತ ನಮ್ಮಕ್ಕ ಗಟ್ಟಿ ಅಂದೆ. ನಿನ್ನ ನಾದಿನಿ ಒಲೆಯ ಮುಂದಿನಿಂದಲೇ, “ಅತ್ತಿಗೆ ವಿಷಯದಲ್ಲಿ ಅದೊಂದು ಮಾತು ನಿಜ” ಅಂದಳು. ಅವಳ ಬಾಯಲ್ಲಿ ನಿನಗೆ ಹೊಗಳಿಕೆ ಸಿಕ್ಕಿದ್ದು ಇದೇ ಮೊದಲು, ಕಟ್ಟು ಹಾಕಿಸಿ ಇಟ್ಟುಕೋ.

ಪುಸ್ತಕವನ್ನು ನಂಬಿಕೆಯವರ ಕೈಯಲ್ಲೇ ಕಳಿಸುತ್ತಿದ್ದೇನೆ.

ನಿನ್ನ ತಮ್ಮ


ಫೆಬ್ರವರಿ 20

ತಮ್ಮಾ,

ಪುಸ್ತಕ ಬಂತು. ಕಾರ್ಯದರ್ಶಿಗಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಎರಡು ಸಲ ನೋಡಿದರು. “ಇಂಥ ಕೆಲಸ ಹತ್ತು ಊರಲ್ಲಿ ಆಗಿದ್ರೆ ನಾವು ಇಷ್ಟು ಹೊತ್ತಿಗೆ ಸರ್ಕಾರ ಮಾಡಿರ್ತಿದ್ವಿ” ಎಂದರು. ನಿನ್ನ ಬಗ್ಗೆ ನನಗೆ ಹೆಮ್ಮೆಯಾಯಿತು. ನಿನ್ನ ಮುಂದೆ ಹೇಳಿದರೆ ತಲೆಯ ಮೇಲೆ ಕೂರುತ್ತೀಯ, ಅದಕ್ಕೇ ಕಾಗದದಲ್ಲಿ ಹೇಳುತ್ತಿದ್ದೇನೆ.

ಪುಸ್ತಕ ನನ್ನ ಬೀರುವಿನಲ್ಲಿದೆ. ಬೀಗದ ಕೈ ನನ್ನ ಹತ್ತಿರ. ನರ್ಸಮ್ಮನಿಗೆ ಹೇಳು.

ಅಕ್ಕ


ಮಾರ್ಚ್ 3

ಅಕ್ಕಾ,

ಬಾವುಟಕ್ಕೆ ಬಟ್ಟೆ ಕೊಂಡಿದ್ದೇನೆ. ನಮ್ಮ ಮನೆಯಲ್ಲಿ ಈಗ ಕಾಲಿಡಲು ಜಾಗವಿಲ್ಲ, ಎಲ್ಲಿ ನೋಡಿದರೂ ಬಾವುಟ. ನಿನ್ನ ನಾದಿನಿ ಒಂದನ್ನು ಮಸಿಬಟ್ಟೆ ಮಾಡಿಕೊಂಡಿದ್ದಾಳೆ, ಪಕ್ಷಕ್ಕೆ ಹೇಳಬೇಡ.

ನರ್ಸಮ್ಮನ ಫೋಟೋ ತೆಗೆಸಿದೆವು. ನಗಿ ಅಂದರೆ, “ಸೂಜಿ ಹಾಕೋವಾಗ ನಗಬಾರದು, ರೋಗಿ ಹೆದರ್ತಾನೆ” ಅಂತ ಗಂಟುಮುಖದಲ್ಲೇ ಕೂತರು. ಹೆಸರು ಯಾವಾಗ ಘೋಷಣೆ ಮಾಡುತ್ತೀರಿ?


ಮಾರ್ಚ್ 15

ಅಕ್ಕಾ,

ಹೋದ ಕಾಗದಕ್ಕೆ ಉತ್ತರ ಬರಲಿಲ್ಲ. ಕೆಲಸ ಜಾಸ್ತಿ ಅಂತ ಗೊತ್ತು. ಮೈಗೆ ಹುಷಾರಿಲ್ಲವಾ? ಊಟ ಬಿಟ್ಟು ಕೆಲಸ ಮಾಡುವುದು ನಿನ್ನ ಹಳೇ ಚಾಳಿ. ಒಂದು ಗೆರೆ ಬರೆದು ಹಾಕು. ಗೆರೆ ಎಳೆಯುವುದರಲ್ಲಿ ಈಗ ನಾನು ಪಂಡಿತ, ನೀನೂ ಒಂದು ಎಳೆ.

ತಮ್ಮ


ಮಾರ್ಚ್ 19

ತಮ್ಮಾ,

ನಾಳೆ ಪತ್ರಿಕೆಯಲ್ಲಿ ಬರುತ್ತದೆ. ಅದಕ್ಕಿಂತ ಮುಂಚೆ ನನ್ನಿಂದ ನಿನಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ, ಆದರೆ ಅಂಚೆ ಪತ್ರಿಕೆಗಿಂತ ನಿಧಾನ ಎಂದು ನನಗೂ ಗೊತ್ತು.

ನಡುದಾರಿ ಪಕ್ಷದವರ ಜೊತೆ ಒಪ್ಪಂದವಾಗಿದೆ. ನಾವಿಬ್ಬರೂ ಎದುರುಬದುರು ನಿಂತರೆ ಅಧಿಕಾರದಲ್ಲಿರುವವರೇ ಮತ್ತೆ ಗೆಲ್ಲುತ್ತಾರೆ. ಯಾವ ಕ್ಷೇತ್ರ ಯಾರಿಗೆ ಎಂದು ಹದಿನೇಳು ದಿನ ಕೂತು ಹಂಚಿಕೊಂಡೆವು. ನಿಮ್ಮ ಕ್ಷೇತ್ರ ಅವರಿಗೆ ಹೋಯಿತು. ಅದಕ್ಕೆ ಬದಲಾಗಿ ಅವರು ನಮಗೆ ಮೂರು ಕ್ಷೇತ್ರ ಬಿಟ್ಟುಕೊಟ್ಟರು. ಒಂದಕ್ಕೆ ಮೂರು! ಹಾಗೆ ಸಿಕ್ಕಿದ್ದು ನಿನ್ನ ಎಣಿಕೆಯಿಂದ. ಅಲ್ಲಿ ನಮ್ಮ ಬಲ ಅಷ್ಟಿದೆ ಎಂದು ತೋರಿಸದಿದ್ದರೆ ಅವರು ಅರ್ಧ ಕ್ಷೇತ್ರವನ್ನೂ ಕೊಡುತ್ತಿರಲಿಲ್ಲ.

ಅವರ ಅಭ್ಯರ್ಥಿ ನಿಮ್ಮ ಕಾರ್ಖಾನೆಯ ಮ್ಯಾನೇಜರನ ಅಣ್ಣ. ನಿನಗೆ ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ಆದರೂ ಅವನಿಗಾಗಿ ಕೆಲಸ ಮಾಡಬೇಕು. ನರ್ಸಮ್ಮನಿಗೆ ನಾನೇ ಬೇರೆ ಕಾಗದ ಬರೆಯುತ್ತೇನೆ.

ಈ ಸಲ ಗೆಲ್ಲದಿದ್ದರೆ ಸಂಘವೇ ಇರುವುದಿಲ್ಲ. ಅದೊಂದನ್ನು ನೆನಪಿಟ್ಟುಕೋ.

ಅಕ್ಕ


ಮಾರ್ಚ್ 26

ಅಕ್ಕಾ,

ಪತ್ರಿಕೆಯಲ್ಲೇ ಓದಿದೆ.

ಬಾವುಟಗಳನ್ನು ಮಡಿಚಿ ಮಂಚದ ಕೆಳಗೆ ಹಾಕಿದ್ದೇನೆ. ನರ್ಸಮ್ಮ ಒಂದೇ ಮಾತು ಕೇಳಿದರು. “ಪುಸ್ತಕ?” ಬೀರುವಿನಲ್ಲಿದೆ ಅಂದೆ.

ಉದ್ದಣ್ಣ ಅಂಗಡಿಗೆ ಬಂದು ಕೂಗಾಡಿದ. “ಮ್ಯಾನೇಜರನ ಅಣ್ಣನಿಗೆ ಓಟು ಹಾಕ್ಬೇಕಾ ನಾನು? ಬೆಳಿಗ್ಗೆಯಿಂದ ಸಂಜೆವರೆಗೂ ತಮ್ಮ ಬೈತಾನೆ, ಆಮೇಲೆ ಹೋಗಿ ಅಣ್ಣನ ಹೆಸರಿನ ಮುಂದೆ ಒತ್ಲಾ?” ಅಂದ. ಸಂಘ ಉಳಿಯಬೇಕಾದರೆ ಒತ್ತು ಅಂದೆ. ನೀನು ಬರೆದ ಮಾತನ್ನೇ ಹೇಳಿದೆ. ಅವನು “ನಿಮ್ಮಕ್ಕ ಹೇಳಿದ್ರೆ ಸರಿ” ಅಂತ ಎದ್ದು ಹೋದ.

ಕೆಲಸ ಮಾಡುತ್ತೇನೆ. ಕಾಗದ ಬರೆಯಲು ಮನಸ್ಸಿಲ್ಲ.

ತಮ್ಮ


ಮೇ 12

ತಮ್ಮಾ,

ಗೆದ್ದೆವು ಕಣೋ! ನಲವತ್ತೊಂದು ಕ್ಷೇತ್ರ ನಮಗೆ, ನಡುದಾರಿಯವರಿಗೆ ಅರವತ್ತು. ಹಳೆಯ ಸರ್ಕಾರ ಹೋಯಿತು. ಬದಲಾಗಿ ಸಿಕ್ಕ ಆ ಮೂರೂ ಕ್ಷೇತ್ರ ಗೆದ್ದಿದ್ದೇವೆ. ಮಸೂದೆ ಕಸದ ಬುಟ್ಟಿಗೆ. ಮೂರನೇ ಮಹಡಿಯಲ್ಲಿ ಎಂದೂ ನಗದ ಕಾರ್ಯದರ್ಶಿಗಳು ಮೆಟ್ಟಿಲ ಮೇಲೆ ಕೂತು ಅತ್ತರು. ನಿಮ್ಮ ಊರಿನಲ್ಲೂ ಮ್ಯಾನೇಜರನ ಅಣ್ಣ ಗೆದ್ದ, ಸಾಲುಮನೆಯ ಮತದಿಂದಲೇ ಗೆದ್ದ. ಅದು ನಿನ್ನ ಗೆಲುವು.

ಏಳು ವಾರದಿಂದ ನಿನ್ನ ಕಾಗದವಿಲ್ಲ. ಸಿಟ್ಟು ಇಳಿಯಲಿಲ್ಲವಾ? ಗೆದ್ದ ಮೇಲೂ ಮುನಿಸಿಕೊಂಡಿರುವವನು ಈ ದೇಶದಲ್ಲಿ ನೀನೊಬ್ಬನೇ ಇರಬೇಕು.

ಅಕ್ಕ


ಮೇ 30

ಅಕ್ಕಾ,

ಕಾರ್ಖಾನೆಯವರು ಎರಡನೇ ಕುಲುಮೆ ಆರಿಸಿದ್ದಾರೆ. ಬೇಡಿಕೆ ಕಡಿಮೆಯಾಯಿತಂತೆ. ಮುನ್ನೂರ ಹನ್ನೆರಡು ಜನರಿಗೆ ಇನ್ನು ಕೆಲಸಕ್ಕೆ ಬರಬೇಡಿ ಅಂತ ಚೀಟಿ ಕೊಟ್ಟಿದ್ದಾರೆ. ಸಾಲುಮನೆಯನ್ನು ಎಂಟು ದಿನದಲ್ಲಿ ಬಿಡಬೇಕು. ಇವತ್ತಿಗೆ ಐದು ದಿನವಾಯಿತು.

ಎರಡನೇ ಕುಲುಮೆಯಲ್ಲಿ ಇರುವವರೇ ತೊಂಬತ್ತು ಜನ. ಉಳಿದವರು ಬೇರೆ ಬೇರೆ ವಿಭಾಗದವರು. ಯಾಕೆ ಇವರೇ ಅಂತ ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು. ಗೇಟಿಗೆ ಅಂಟಿಸಿದ ಪಟ್ಟಿ ಓದುತ್ತಾ ಹೋದೆ. ಗೆರೆ ಇದ್ದವರಲ್ಲಿ ಕಾರ್ಖಾನೆಯಲ್ಲಿ ದುಡಿಯುವ ಅಷ್ಟೂ ಜನರ ಹೆಸರು, ನಾನು ಮನೆ ಮನೆಗೆ ಹೋದ ಸಾಲಿನಲ್ಲೇ ಇದ್ದವು. ಮೊದಲ ಬೀದಿಯ ಬಲಗಡೆ, ಆಮೇಲೆ ಎಡಗಡೆ, ಆಮೇಲೆ ನೀರಿನ ತೊಟ್ಟಿಯ ಹಿಂದಿನ ಮನೆಗಳು. ಆ ತೊಟ್ಟಿಯ ಹಿಂದೆ ಹೋಗುವ ಸಾಲು ನನ್ನೊಬ್ಬನದು. ನಾಯಿ ಇದೆ ಅಂತ ಬಳಸಿ ಹೋಗಿದ್ದೆ.

ನರ್ಸಮ್ಮ ವಿಚಾರಿಸಲು ಹೋದಾಗ ಮ್ಯಾನೇಜರನ ಮೇಜಿನ ಮೇಲೆ ನನ್ನ ಅಕ್ಷರದ ಹಾಳೆಗಳಿದ್ದವಂತೆ. ಮೂಲ ಅಲ್ಲ, ನಕಲು.

ಆ ಪುಸ್ತಕ ಬೀರುವಿನಿಂದ ಹೇಗೆ ಹೊರಗೆ ಬಂತು?


ಜೂನ್ 4

ತಮ್ಮಾ,

ನಾನೇ ಕೊಟ್ಟೆ.

ಮಾತುಕತೆಯ ಹನ್ನೆರಡನೇ ದಿನ ನಡುದಾರಿಯವರು, “ಬರೀ ಅಂಕಿ ಹೇಳಿದ್ರೆ ನಂಬೋದು ಹೇಗೆ, ಹೆಸರು ತೋರಿಸಿ” ಎಂದರು. ಕಾರ್ಯದರ್ಶಿಗಳು ನನ್ನ ಮುಖ ನೋಡಿದರು. ಬೀರು ತೆಗೆದೆ. ಅವರ ಅಭ್ಯರ್ಥಿಗೆ ಪ್ರಚಾರಕ್ಕೆ ಬೇಕು ಎಂದು ನಕಲು ಕೇಳಿದರು. ಅದನ್ನೂ ಕೊಟ್ಟೆ. ಅವನಿಂದ ಅವನ ತಮ್ಮ ಮ್ಯಾನೇಜರನ ಕೈಗೆ ಹೋಗುತ್ತದೆ ಎಂದು ನನಗೆ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಿತು. ಮೂರು ಕ್ಷೇತ್ರ ಕಣ್ಣ ಮುಂದಿತ್ತು.

ಕಾರ್ಯದರ್ಶಿಗಳು ಮಂತ್ರಿಗಳ ಹತ್ತಿರ ಮಾತಾಡುತ್ತೇನೆ ಎಂದಿದ್ದಾರೆ. ಸರ್ಕಾರ ಹೊಸದು, ನಡುದಾರಿಯವರನ್ನು ಈಗಲೇ ಎದುರು ಹಾಕಿಕೊಳ್ಳುವ ಹಾಗಿಲ್ಲ. ಸ್ವಲ್ಪ ತಾಳು.

ನನಗೆ ಒಂದೇ ಸಮಾಧಾನ. ಆ ಪುಸ್ತಕದಲ್ಲಿ ಗೆರೆ ಇರುವವರೆಲ್ಲ ಬಾಯಿಬಿಟ್ಟು ಹೌದು ಎಂದವರು. ಏನು ಬಂದರೂ ಬರಲಿ ಎಂದು ತಿಳಿದೇ ಎಂದವರು. ಹೋರಾಟಕ್ಕೆ ಬಂದವರು.

ಅಕ್ಕ


ಜೂನ್ 9

ಅಕ್ಕಾ,

ನಿನ್ನ ಆ ಒಂದು ಸಮಾಧಾನವೂ ಇಲ್ಲ.

ಜನವರಿಯ ಕೊನೆಗೆ ಇಪ್ಪತ್ತೆರಡು ಇದ್ದದ್ದು ಫೆಬ್ರವರಿಯಲ್ಲೂ ಇಪ್ಪತ್ತೆರಡೇ ಇತ್ತು. ಸೂಜಿ ಕೀಳುತ್ತೇನೆ ಅಂತ ನೀನು ಬರೆದೆಯಲ್ಲ, ಆವತ್ತು ಅಂಗಡಿಯ ಬಾಗಿಲು ಹಾಕಿಕೊಂಡು ಕೂತು ಸೊನ್ನೆ ಇದ್ದ ಕಡೆಯೆಲ್ಲ ಅಳಿಸಿ ಗೆರೆ ಎಳೆದೆ. ಟೀ ಕೊಟ್ಟವರಿಗೆ, ನಕ್ಕವರಿಗೆ, ನಾನು ಹೊಲಿದ ಬಟ್ಟೆ ಚೆನ್ನಾಗಿದೆ ಅಂದವರಿಗೆ. ನೂರ ಎಪ್ಪತ್ತಾರು ಗೆರೆ. ಒಮ್ಮೆ ನಿಂತರೆ ಇವರೆಲ್ಲ ಹೇಗೂ ನಮ್ಮ ಕಡೆ ಬರುತ್ತಾರೆ ಅಂದುಕೊಂಡೆ. ಕ್ಷೇತ್ರ ಉಳಿಸಿಕೊಳ್ಳಲು ಹಾಕಿದ ಗೆರೆ ಅದು. ಅದನ್ನೇ ತೋರಿಸಿ ನೀವು ಕ್ಷೇತ್ರ ಮಾರಿದಿರಿ.

ಕೆಲಸ ಹೋದವರಲ್ಲಿ ನೂರ ಮೂವತ್ತೊಂದು ಜನ ಹೌದು ಅಂದೇ ಇಲ್ಲ.

ಬೆಳಕಿನ ಮೇಜಿನಮ್ಮ ಮೊನ್ನೆ ಬಂದರು. ಮನೆ ಬಿಟ್ಟು ಲಾರಿ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿಗೆ ಹೋಗಿದ್ದಾರೆ. ತಾಯಿಗೆ ದವಾಖಾನೆಯ ಸೂಜಿ ನಿಂತಿದೆ, ನರ್ಸಮ್ಮ ಎಲ್ಲಿಂದಲೋ ತಂದು ಹಾಕುತ್ತಿದ್ದಾರೆ, ಅದು ಸಾಲದು. ಬಾಗಿಲಲ್ಲೇ ನಿಂತು ಕೇಳಿದರು. “ನಾನು ಹೌದು ಅಂದಿದ್ನೇನಪ್ಪಾ?”

ಇಲ್ಲ ಅಂದೆ.

“ಹಂಗಾದ್ರೆ ಬಾ. ಅದನ್ನ ಅಲ್ಲಿ ಬಂದು ಹೇಳು.”

ಹೋದೆ. ಮ್ಯಾನೇಜರನ ಕೋಣೆಯಲ್ಲಿ ನಿಂತು, ಇವರು ಹೌದು ಅಂದಿರಲಿಲ್ಲ, ನಾನೇ ಸುಳ್ಳು ಗೆರೆ ಎಳೆದೆ, ಇಂಥವರು ಇನ್ನೂ ಇದ್ದಾರೆ ಅಂದೆ. ಅವನು ಸಿಟ್ಟಾಗಲಿಲ್ಲ. ಕುರ್ಚಿ ತೋರಿಸಿದ. “ಪಾಪದವರ ಹೊಟ್ಟೆ ಮೇಲೆ ಹೊಡೆಯೋದು ನಮಗೂ ಇಷ್ಟ ಇಲ್ಲ ದರ್ಜಿ. ಸುಳ್ಳು ಯಾವುದು, ನಿಜ ಯಾವುದು, ಗುರುತು ಹಾಕ್ಕೊಡು. ಸುಳ್ಳಿನವರನ್ನ ವಾಪಸ್ ತಗೋತೀವಿ. ಸೋಮವಾರದವರೆಗೂ ಟೈಮು” ಅಂತ ಹೇಳಿ ನಕಲಿನ ಹಾಳೆಗಳನ್ನೂ ಒಂದು ಕೆಂಪು ಪೆನ್ಸಿಲನ್ನೂ ಕೊಟ್ಟ.

ಗುರುತು ಹಾಕಿದರೆ ನೂರ ಮೂವತ್ತೊಂದು ಜನ ಉಳಿಯುತ್ತಾರೆ, ಮಿಕ್ಕ ನೂರ ಎಂಬತ್ತೊಂದು ಜನ ನಿಜಕ್ಕೂ ನಮ್ಮವರು ಅಂತ ನಾನೇ ಬರೆದುಕೊಟ್ಟ ಹಾಗೆ. ಅವರಿಗೆ ಈ ಜಿಲ್ಲೆಯ ಯಾವ ಕಾರ್ಖಾನೆಯಲ್ಲೂ ಕೆಲಸ ಸಿಗುವುದಿಲ್ಲ. ಹಾಕದಿದ್ದರೆ ಆ ಮುದುಕಿ ಉಸಿರುಗಟ್ಟುತ್ತಾಳೆ.

ನನಗೆ ತೋಚುತ್ತಿಲ್ಲ ಅಕ್ಕ. ಚಿಕ್ಕವನಿದ್ದಾಗ ಕೇಳುತ್ತಿದ್ದ ಹಾಗೆ ಕೇಳುತ್ತಿದ್ದೇನೆ. ಏನು ಮಾಡಲಿ? ಸೋಮವಾರ ಹದಿನೈದು. ಅಷ್ಟರೊಳಗೆ ಬರೆ. ಆಗದಿದ್ದರೆ ಬಾ.


ಜೂನ್ 13

ತಮ್ಮಾ,

ನಿನ್ನ ಕಾಗದ ಇವತ್ತು ಸಿಕ್ಕಿತು. ನಿನ್ನನ್ನು ಬೈಯಬೇಕು ಅನ್ನಿಸಿತು, ಯಾವ ಬಾಯಲ್ಲಿ ಬೈಯಲಿ?

ಕಾರ್ಯದರ್ಶಿಗಳಿಗೆ ತೋರಿಸಿದೆ. ಅವರು ಹೇಳುವುದು ಇದು. ಗುರುತು ಹಾಕು. ಏನೂ ಅರಿಯದವರು ಮೊದಲು ಉಳಿಯಲಿ. ನಿಜವಾದ ನಮ್ಮವರನ್ನು ಪಕ್ಷ ನೋಡಿಕೊಳ್ಳುತ್ತದೆ. ಮುಂದಿನ ತಿಂಗಳು ಪರಿಹಾರ ಸಮಿತಿ ಮಾಡುತ್ತಾರೆ. ಯೋಚಿಸಿ ನೋಡಿದರೆ ಇದಕ್ಕಿಂತ ಬೇರೆ ದಾರಿ ನನಗೂ ಕಾಣುವುದಿಲ್ಲ.

ಬರಬೇಕು ಎಂದುಕೊಂಡೆ. ಸೋಮವಾರವೇ ಹೊಸ ಸದಸ್ಯರ ಸಭೆ ಇದೆ. ಇದನ್ನು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ.

ಅಕ್ಕ


ಜೂನ್ 22

ಅಕ್ಕಾ,

ನಿನ್ನ ತುರ್ತು ಅಂಚೆ ಮಂಗಳವಾರ ಬಂತು. ಅದು ಮೊದಲೇ ಬಂದಿದ್ದರೂ ನಿಮ್ಮ ಮಾತು ಕೇಳುತ್ತಿರಲಿಲ್ಲ ಅಂತ ಈಗ ಹೇಳಬಹುದು. ಆದರೆ ಒಂದು ವಾರ ಅದಕ್ಕೇ ಕಾದು ಕೂತೆ. ದಿನಾ ಅಂಚೆಯವನ ದಾರಿ ನೋಡಿದೆ. ಶನಿವಾರ ಬೆಳಿಗ್ಗೆ ಬೆಳಕಿನ ಮೇಜಿನಮ್ಮನ ತಾಯಿ ಹೋದರು. ಇದ್ದ ಹದಿನಾರು ಗಜ ಬಿಳಿ ಬಟ್ಟೆ ಕೊಟ್ಟೆ. ಬೇಡ ಅನ್ನಲೂ ಆಯಮ್ಮನಿಗೆ ತ್ರಾಣ ಇರಲಿಲ್ಲ.

ಸೋಮವಾರ ಹೋದೆ. ಹಾಳೆಗಳನ್ನು ಹಾಗೇ ಮೇಜಿನ ಮೇಲಿಟ್ಟೆ. “ಪೂರ್ತಿ ಸುಳ್ಳು ಸಾರ್” ಅಂದೆ.

“ಪೂರ್ತೀನಾ?”

“ಪೂರ್ತಿ. ಒಬ್ಬರೂ ಹೌದು ಅಂದಿಲ್ಲ. ಕದ ತೆಗೆದವರಿಗೆಲ್ಲ ಗೆರೆ ಎಳೆದುಬಿಟ್ಟೆ.”

ಅವನು ನಕ್ಕ. ಬಹಳ ಹೊತ್ತು ನಕ್ಕ. “ಹಂಗಾದ್ರೆ ನಿಮ್ಮಕ್ಕನಿಗೂ ಟೋಪಿ ಹಾಕಿದೀಯ ಅನ್ನು. ಬರ್ಕೊಡು.” ಬರೆದುಕೊಟ್ಟೆ. ಈ ಊರಿನಲ್ಲಿ ನಮ್ಮ ಪಕ್ಷಕ್ಕೆ ಒಬ್ಬ ಬೆಂಬಲಿಗನೂ ಇಲ್ಲ, ಪುಸ್ತಕವೆಲ್ಲ ನನ್ನ ಕಲ್ಪನೆ, ನಾನು ಮೋಸಗಾರ. ಕೆಳಗೆ ಸಹಿ. ಅದನ್ನು ಗೇಟಿಗೆ ಅಂಟಿಸಿದರು.

ಅಷ್ಟಕ್ಕೆ ಬಿಡಲಿಲ್ಲ. ಕೆಲಸ ಬೇಕಾದವರು ಒಬ್ಬೊಬ್ಬರಾಗಿ ಬಂದು, ‘ನಾನು ಆ ಪಕ್ಷಕ್ಕೆ ಎಂದೂ ಮಾತು ಕೊಟ್ಟಿಲ್ಲ, ಕೊಡುವುದೂ ಇಲ್ಲ’ ಅಂತ ಸಹಿ ಹಾಕಬೇಕು. ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು, ಪ್ರತಿಯೊಬ್ಬರ ಹೆಸರಿಗೂ ‘ಸುಳ್ಳು’ ಅಂತ ನಾನು ಹೇಳಬೇಕು. ಬಿಸಿಲಲ್ಲಿ ಸಾಲು ಬೀದಿಯ ತಿರುವಿನವರೆಗೂ ಹೋಗಿತ್ತು. ಸುಳ್ಳು, ಸುಳ್ಳು, ಸುಳ್ಳು ಅಂತ ಹೇಳಿ ಹೇಳಿ ಮಧ್ಯಾಹ್ನದ ಹೊತ್ತಿಗೆ ಆ ಪದಕ್ಕೆ ಅರ್ಥವೇ ಉಳಿಯಲಿಲ್ಲ.

ಬೆಳಕಿನ ಮೇಜಿನಮ್ಮ ನೇರ ಬಂದು ಸಹಿ ಹಾಕಿದರು. ಪೆನ್ನು ಕೆಳಗಿಟ್ಟು, “ಒಂದು ವಾರ ಮುಂಚೆ ಈ ಮಾತು ಬಾಯಿಗೆ ಬರಲಿಲ್ವಾ ನಿಂಗೆ?” ಅಂತ ಕೇಳಿದರು.

ಉದ್ದಣ್ಣ ಸಾಲಿನ ಕೊನೆಯಲ್ಲಿದ್ದ. ಎರಡು ಹೆಣ್ಣುಮಕ್ಕಳು ಓದುತ್ತಿವೆ, ಬರದೆ ಏನು ಮಾಡುತ್ತಾನೆ? ಅವನ ಹೆಸರು ಕೂಗಿದರು. ಸುಳ್ಳು ಅಂದೆ. ಅವನು ಸಹಿ ಹಾಕಿ ನನ್ನ ಹತ್ತಿರ ಬಂದ. ಆ ಮನುಷ್ಯ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಆವತ್ತೇ. “ನಾನು ಹೌದು ಅಂದಿದ್ದೆ ಕಣೋ. ಬೀದಿ ತುಂಬ ಕೇಳೋ ಹಂಗೆ ಅಂದಿದ್ದೆ. ಇಷ್ಟು ವರ್ಷದಲ್ಲಿ ಅದೊಂದು ಮಾತು ಧೈರ್ಯವಾಗಿ ಆಡಿದ್ದೆ. ಅದನ್ನೂ ಇಲ್ಲ ಅನ್ನಿಸಿಬಿಟ್ಯಲ್ಲ.”

ಸಹಿ ಹಾಕದೆ ಹೋದವರೂ ಇದ್ದಾರೆ. ಎಷ್ಟು ಜನ, ಯಾರು ಅಂತ ನಿನಗೆ ಬರೆಯುವುದಿಲ್ಲ.

ತಮ್ಮ


ಆಗಸ್ಟ್ 2

ತಮ್ಮಾ,

ಐದು ಸಲ ಬರೆದು ಹರಿದು ಹಾಕಿದ್ದೇನೆ. ಕ್ಷಮಿಸು ಎಂದು ಬರೆದರೆ ಅದು ಬಹಳ ಚಿಕ್ಕ ಮಾತು. ಬರೆಯದಿದ್ದರೆ ನಾನು ಮನುಷ್ಯಳೇ ಅಲ್ಲ. ಕ್ಷಮಿಸು.

ಕಾರ್ಮಿಕ ಸಂಘಗಳ ಕಾನೂನು ಉಳಿಯಿತು. ಹೋದ ವಾರ ಸದನದಲ್ಲಿ ಖಾತ್ರಿಯಾಯಿತು. ದೇಶದಲ್ಲಿ ಲಕ್ಷಾಂತರ ಜನಕ್ಕೆ ಅದರಿಂದ ಒಳ್ಳೆಯದಾಗುತ್ತದೆ. ಆ ಲಕ್ಷದ ಪಕ್ಕದಲ್ಲಿ ನಿನ್ನ ಮುನ್ನೂರ ಹನ್ನೆರಡನ್ನು ಇಟ್ಟು ತೂಗಿ ನೋಡುತ್ತೇನೆ. ದಿನಾ ತೂಗುತ್ತೇನೆ. ತಕ್ಕಡಿ ಒಂದು ಕಡೆ ನಿಲ್ಲುವುದೇ ಇಲ್ಲ. ಪರಿಹಾರ ಸಮಿತಿ ಇನ್ನೂ ಆಗಿಲ್ಲ.

ಕೆಲಸದ ಒಂದು ಮಾತು. ನವೆಂಬರಿನಲ್ಲಿ ಪುರಸಭೆಗಳ ಚುನಾವಣೆ. ನಾವು ಯಾವ್ಯಾವ ಊರಿನಲ್ಲಿ ಸ್ವಂತವಾಗಿ ನಿಲ್ಲಬಹುದು ಎಂದು ಎಣಿಸುತ್ತಿದ್ದಾರೆ. ನಿಮ್ಮ ಊರಿನಲ್ಲಿ ನಿಲ್ಲಿಸಿಯೇ ತೀರಬೇಕು ಎಂದು ಈ ಸಲ ನಾನು ಹಟ ಹಿಡಿದಿದ್ದೇನೆ. ನರ್ಸಮ್ಮನನ್ನೇ ನಿಲ್ಲಿಸೋಣ. ಸಹಿ ಹಾಕದೆ ಉಳಿದವರಿದ್ದಾರೆ ಎಂದು ನೀನೇ ಬರೆದೆಯಲ್ಲ, ಅವರಿಂದ ಶುರು ಮಾಡೋಣ. ಹೊಸ ಪುಸ್ತಕ ಕಳಿಸಿದ್ದೇನೆ. ಇದರಲ್ಲಿ ವಿಭಾಗ, ಪಾಳಿ ಬೇಡ. ಹೆಸರು ಸಾಕು. ಈ ಸಲ ನನ್ನ ಕೈ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಆಣೆ ಮಾಡುತ್ತೇನೆ.

ನಿನ್ನ ನಾದಿನಿಯಾದರೂ, ಅಂದರೆ ನನ್ನ ನಾದಿನಿ, ನಿನ್ನ ಹೆಂಡತಿ, ಒಂದು ಸಾಲು ಬರೆಯಲಿ. ನೋಡು, ಬರೆಯುವುದೂ ಮರೆತುಹೋಗಿದೆ ನನಗೆ.

ನಿನ್ನ ಅಕ್ಕ


ಆಗಸ್ಟ್ 19

ಪಕ್ಷದ ಕೇಂದ್ರ ಕಚೇರಿ,
ಚುನಾವಣಾ ವಿಭಾಗಕ್ಕೆ.

ಮಾನ್ಯರೇ,

ತಾವು ಕಳುಹಿಸಿದ ಪುಸ್ತಕ ತಲುಪಿದೆ. ಸಾಲುಮನೆಗಳಲ್ಲಿ ಎಲ್ಲ ಬೀದಿಗಳನ್ನೂ ವಿಚಾರಿಸಲಾಗಿದೆ. ಫಲಿತಾಂಶ ಈ ಕೆಳಗಿನಂತಿದೆ.

ಹೌದು ಎಂದವರು: ಯಾರೂ ಇಲ್ಲ.

ಗೊತ್ತಿಲ್ಲ ಎಂದವರು: ಯಾರೂ ಇಲ್ಲ.

ಇಲ್ಲ ಎಂದವರು: ಎಲ್ಲರೂ.

ಇದು ನಿಜವೇ ಎಂದು ಪರೀಕ್ಷಿಸಲು ತಾವು ಬರುವುದಾದರೆ ಬರಬಹುದು. ಯಾವ ಕದ ತಟ್ಟಬೇಕು ಎಂದು ನಾನು ತೋರಿಸುವುದಿಲ್ಲ.

ಪುಸ್ತಕವನ್ನು ಖಾಲಿಯಾಗಿಯೇ ಹಿಂದಿರುಗಿಸುತ್ತಿದ್ದೇನೆ. ದಯವಿಟ್ಟು ಇನ್ನೊಂದನ್ನು ಕಳುಹಿಸಬೇಡಿ.

ಇತಿ,
ದರ್ಜಿ